ಹುಣಸೆ ಬೀಜದ ಸಿಪ್ಪೆ, ಹಸುವಿನ ತೇಗು ಮತ್ತು ಬೆದೆಯ ಲೆಕ್ಕ

ತುಮಕೂರಿನ ಕಡೆ ಬೇಸಿಗೆ ಬಂತೆಂದರೆ ಮನೆಮನೆಯ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ ನಡೆಯುತ್ತದೆ. ಹಣ್ಣು ಮಂಡಿಗೆ ಹೋದ ಹಾಗೆಯೇ ಬೀಜವೂ ಮೂಟೆಗಟ್ಟಿ ಗಿರಣಿಗೆ ಹೋಗುತ್ತದೆ. ಗಿರಣಿಯವರು ಅದನ್ನು ಹುರಿದು, ಕಂದು ಸಿಪ್ಪೆ ತೆಗೆದು, ಒಳಗಿನ ಬಿಳಿ ಬೇಳೆಯನ್ನು ಹಿಟ್ಟು ಮಾಡುತ್ತಾರೆ. ಆ ಹಿಟ್ಟು ಹತ್ತಿ ಮತ್ತು ಸೆಣಬಿನ ನೂಲಿಗೆ ಗಂಜಿ ಹಾಕಲು ಬಳಕೆಯಾಗುತ್ತದೆ. ಉಳಿಯುವುದು ಸಿಪ್ಪೆ. ಬಾಯಿಗಿಟ್ಟರೆ ನಾಲಿಗೆ ಮುದುಡುವಷ್ಟು ಒಗರು. ಆ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ವಸ್ತುವನ್ನು ಹಿಡಿದುಕೊಂಡು ಬೆಂಗಳೂರಿನ ಪಶು ಆಹಾರ ವಿಜ್ಞಾನಿಗಳು ಎರಡು ದಶಕಗಳಿಗೂ ಮೇಲ್ಪಟ್ಟು ಕೆಲಸ ಮಾಡಿದ್ದಾರೆ. ಸುಸ್ಥಿರ ಪಶುಪಾಲನೆಯ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆಯಲ್ಲಿ ಈ ಕೆಲಸದ ಹೆಸರು ಅಪರೂಪಕ್ಕೆ ಬರುತ್ತದೆ, ಬಂದಾಗಲೂ ಒಂದು ಉತ್ಪನ್ನದ ಜಾಹೀರಾತಿನ ಧಾಟಿಯಲ್ಲಿ ಬರುತ್ತದೆ ಎಂಬ ಕಾರಣಕ್ಕೆ ಸ್ವಲ್ಪ ಬಿಡಿಸಿ ಬರೆಯಬೇಕೆನ್ನಿಸಿತು.

ಆ ವಿಜ್ಞಾನಿಗಳಲ್ಲಿ ರಾಘವೇಂದ್ರ ಭಟ್ಟ ಮತ್ತು ಯು. ಕೃಷ್ಣಮೂರ್ತಿ ಅವರು ಮತ್ತೊಬ್ಬ ಸಹೋದ್ಯೋಗಿಯೊಂದಿಗೆ, ಹುಣಸೆ ಬೀಜದ ಸಿಪ್ಪೆಯನ್ನು ಮಿಶ್ರತಳಿ ಹಸುಗಳಿಗೆ ತಿನ್ನಿಸಿದರೆ ಮೇವಿನ ಸೇವನೆ, ಜೀರ್ಣಶಕ್ತಿ ಮತ್ತು ಹಾಲಿನ ಮೇಲೆ ಏನಾಗುತ್ತದೆ ಎಂದು ಪರೀಕ್ಷಿಸಿದ ಪ್ರಬಂಧ ಪ್ರಕಟವಾದದ್ದು 2000ದಲ್ಲಿ. ಆಗ ಅವರ ತಲೆಯಲ್ಲಿದ್ದ ಪ್ರಶ್ನೆ ಹವಾಮಾನದ್ದಲ್ಲ, ಪ್ರೋಟೀನಿನದು. ಹಸುವಿಗೆ ಹಾಕಿದ ದುಬಾರಿ ಹಿಂಡಿಯ ಪ್ರೋಟೀನಿನಲ್ಲಿ ದೊಡ್ಡ ಪಾಲು ಮೊದಲ ಹೊಟ್ಟೆಯಲ್ಲೇ ಒಡೆದು ಅಮೋನಿಯಾ ಆಗುತ್ತದೆ. ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಹಿಂಡಿ ಅಷ್ಟು ಬೇಗ ಒಡೆಯದೆ ಮುಂದಿನ ಹೊಟ್ಟೆಗಳಿಗೆ ಸಾಗುತ್ತದೆ, ಹಸುವಿಗೆ ಹೆಚ್ಚು ದಕ್ಕುತ್ತದೆ ಎಂಬುದು ಎಣಿಕೆ. ಹಸುವಿನ ಹೊಟ್ಟೆಯಲ್ಲಿ ಹುಟ್ಟಿ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲದ ಮಾತು ಬಂದದ್ದು ನಂತರ. ಭಟ್ಟರು ಜಪಾನಿನ ತ್ಸುಕುಬಾದ ವಿಜ್ಞಾನಿಗಳ ಜತೆಗೂಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟ್ಯಾನಿನ್‌ಗಳ ಎರಡು ಬಗೆಗಳನ್ನು ಹೋಲಿಸಿ ನೋಡಿದರು: ನೀರಿನಲ್ಲಿ ಸುಲಭವಾಗಿ ಒಡೆಯುವ ಬಗೆ ಒಂದು, ಗಟ್ಟಿಯಾಗಿ ಹೆಣೆದುಕೊಂಡ ಬಗೆ ಇನ್ನೊಂದು. ಮೊದಲನೆಯದೊಂದೇ ಇರುವ ಮೂಲಗಳಿಗಿಂತ ಎರಡೂ ಕೂಡಿರುವ ಮೂಲಗಳು ಮೀಥೇನನ್ನು ಹೆಚ್ಚು ತಗ್ಗಿಸುತ್ತವೆ ಎಂಬುದು ಅದರಲ್ಲಿ ಕಂಡುಬಂತು.

ಈ ಬಗೆಯ ಪರೀಕ್ಷೆಗಳು ಪ್ರಯೋಗಾಲಯದಲ್ಲಿ ಹೇಗೆ ನಡೆಯುತ್ತವೆ ಎನ್ನುವುದು ಗೊತ್ತಾದರೆ ವಿಷಯದ ಅರ್ಧ ಅರ್ಥವಾದಂತೆ. ಬೆಳಿಗ್ಗೆ ಮೇವು ಹಾಕುವ ಮೊದಲೇ ಹಸುವಿನ ಮೊದಲ ಹೊಟ್ಟೆಯ ದ್ರವವನ್ನು ತೆಗೆಯುತ್ತಾರೆ. ಇದಕ್ಕೆಂದೇ ಪಕ್ಕೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಕಿಂಡಿ ಮಾಡಿ ರಬ್ಬರ್ ಮುಚ್ಚಳ ಕೂರಿಸಿದ ಹಸುಗಳಿರುತ್ತವೆ. ದ್ರವವನ್ನು ಬಿಸಿ ಆರದಂತೆ ಫ್ಲಾಸ್ಕಿನಲ್ಲಿ ತಂದು, ತೆಳು ಬಟ್ಟೆಯಲ್ಲಿ ಸೋಸಿ, ಗಾಳಿ ತಾಗದಂತೆ ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಾರೆ. ದೊಡ್ಡ ಗಾಜಿನ ಸಿರಿಂಜಿನೊಳಗೆ 200 ಮಿಲಿಗ್ರಾಂ ಮೇವಿನ ಪುಡಿಯನ್ನೂ ಕ್ಷಾರದ ದ್ರಾವಣ ಬೆರೆಸಿದ 30 ಮಿಲಿಲೀಟರ್ ಈ ದ್ರವವನ್ನೂ ಹಾಕಿ, ಹಸುವಿನ ಮೈಬಿಸಿಯಷ್ಟೇ ಆದ 39 ಡಿಗ್ರಿ ಶಾಖದಲ್ಲಿ 24 ಗಂಟೆ ಇಡುತ್ತಾರೆ. ಒಳಗೆ ಅನಿಲ ಹುಟ್ಟಿದಂತೆ ಸಿರಿಂಜಿನ ಹಿಡಿ ತಾನಾಗಿ ಮೇಲೇರುತ್ತದೆ. ಎಷ್ಟು ಏರಿತು ಎಂದು ಓದಿಕೊಂಡು, ಅದರಲ್ಲಿ ಮೀಥೇನ್ ಎಷ್ಟು ಎಂದು ಬೇರೆಯಾಗಿ ಅಳೆದರೆ ಆ ಮೇವಿನ ಜಾತಕ ಸಿಕ್ಕಂತೆ. ರಾಗಿ ಹುಲ್ಲಿನ ಸಿರಿಂಜಿಗೂ ಎಳೆಯ ಸೀಮೆಹುಲ್ಲಿನ ಸಿರಿಂಜಿಗೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿರುತ್ತದೆ.

ಮೀಥೇನ್ ಹುಟ್ಟುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುಳಿಸಿ ಒಡೆಯುತ್ತವೆ; ಒಡೆದಾಗ ಸಿಗುವ ಆಮ್ಲಗಳೇ ಹಸುವಿನ ನಿಜವಾದ ಆಹಾರ. ಈ ಕ್ರಿಯೆಯಲ್ಲಿ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಅದು ಒಳಗೇ ತುಂಬಿಕೊಂಡರೆ ಹುಳಿಯುವ ಕ್ರಿಯೆಯೇ ನಿಧಾನವಾಗುತ್ತದೆ. ಹಾಗಾಗದಂತೆ ಆರ್ಕಿಯಾ ವರ್ಗದ ಕೆಲವು ಜೀವಿಗಳು ಆ ಹೈಡ್ರೋಜನ್ನನ್ನು ಇಂಗಾಲದ ಡೈಆಕ್ಸೈಡ್ ಜತೆ ಸೇರಿಸಿ ಮೀಥೇನ್ ಮಾಡುತ್ತವೆ, ಹಸು ಅದನ್ನು ತೇಗಿ ಹೊರಹಾಕುತ್ತದೆ. ಪತ್ರಿಕೆಗಳ ವ್ಯಂಗ್ಯಚಿತ್ರಗಳು ಯಾವಾಗಲೂ ಹಸುವಿನ ಹಿಂಭಾಗದಿಂದ ಹೊಗೆ ಬಿಡಿಸುತ್ತವೆ. ಬಹುಪಾಲು ಮೀಥೇನ್ ಹೊರಬೀಳುವುದು ಬಾಯಿ ಮತ್ತು ಮೂಗಿನಿಂದ. ಆದ್ದರಿಂದ ಮೀಥೇನ್ ಹಸುವಿನ ದೋಷವಲ್ಲ, ಮನುಷ್ಯನಿಗೆ ಅರಗದ ಹುಲ್ಲನ್ನು ಹಾಲಾಗಿಸುವ ಶಕ್ತಿಗೆ ಅದು ತೆರುವ ಸುಂಕ. ಒಟ್ಟು ಮೇವಿನ ಶಕ್ತಿಯಲ್ಲಿ ಶೇ. 2ರಿಂದ 12ರವರೆಗೆ ಹೀಗೆ ಗಾಳಿಗೆ ಹೋಗುತ್ತದೆ ಎಂದು ಪಶು ಆಹಾರ ಶಾಸ್ತ್ರ ಲೆಕ್ಕ ಹಾಕಿದೆ. ಒಣಹುಲ್ಲು ಹೆಚ್ಚಿದಷ್ಟೂ ಸುಂಕ ಹೆಚ್ಚು.

ಹಾಲು ಕರೆಯುವ ಭಾರತದ ಹಸು ಅಥವಾ ಎಮ್ಮೆ ದಿನಕ್ಕೆ ಸರಾಸರಿ 200 ಲೀಟರ್‌ನಷ್ಟು, ಬೆಳೆಯುವ ಕಡಸು 90 ಲೀಟರ್‌ನ ಆಸುಪಾಸು, ದೊಡ್ಡ ಕುರಿ 20ರಿಂದ 25 ಲೀಟರ್ ಮೀಥೇನ್ ಬಿಡುತ್ತವೆ. ಒಂದು ಲೀಟರ್ ಮೀಥೇನಿನಲ್ಲಿ ಸುಮಾರು 9.45 ಕಿಲೋ ಕ್ಯಾಲೊರಿ ಶಕ್ತಿಯಿರುತ್ತದೆ. ಅಂದರೆ ಒಂದು ಹಸು ದಿನವೊಂದಕ್ಕೆ ಗಾಳಿಗೆ ಬಿಡುವ ಶಕ್ತಿ ಸುಮಾರು 1,900 ಕಿಲೋ ಕ್ಯಾಲೊರಿ, ಹೆಚ್ಚುಕಡಿಮೆ ಒಬ್ಬ ಮನುಷ್ಯನ ಒಂದು ದಿನದ ಊಟ. ಉಳಿಸಿದ್ದೆಲ್ಲ ನೇರವಾಗಿ ಹಾಲಾಗುವುದಿಲ್ಲ ಎಂಬುದು ನಿಜ. ಆದರೂ ಹಿಂಡಿ ಮೂಟೆ ಹೊತ್ತು ತರುವವರಿಗೆ ಜಾಗತಿಕ ತಾಪಮಾನಕ್ಕಿಂತ ಈ ಲೆಕ್ಕ ಬೇಗ ತಲೆಗೆ ಹೋಗುತ್ತದೆ.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ 1995ರಲ್ಲಿ ಆರಂಭವಾಯಿತು. ಹೊಸೂರು ರಸ್ತೆಯ ಆ ಭಾಗಕ್ಕೂ ಹಸುಗಳಿಗೂ ನಂಟು ಹಳೆಯದು. ಬ್ರಿಟಿಷರು 1923ರಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯನ್ನು ತೆರೆದದ್ದು ಅಲ್ಲಿಯೇ. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಯಲ್ಲಿದ್ದ ಗಾಂಧೀಜಿ ದನ ಸಾಕುವ ಶಾಸ್ತ್ರ ಕಲಿಯಲು ಹೋಗಿದ್ದೂ ಅಲ್ಲಿಗೇ. ರಾಘವೇಂದ್ರ ಭಟ್ಟರು ಮುಂದೆ ನಿರ್ದೇಶಕರಾದ ಈ ಪಶು ಪೋಷಣೆ ಸಂಸ್ಥೆಯಿಂದ, ಟ್ಯಾನಿನ್ ಹೇರಳವಾಗಿರುವ ಸ್ಥಳೀಯ ಸಸ್ಯಮೂಲಗಳನ್ನು ಬಳಸಿದ ‘ಹರಿತ್ ಧಾರಾ’ ಎಂಬ ಪೂರಕ ಆಹಾರ ಹೊರಬಂತು. 2021ರ ಹೊತ್ತಿಗೆ ಅದು ಸುದ್ದಿಯಾದಾಗ ಹೇಳಿದ ಪ್ರಕಾರ ದೊಡ್ಡ ದನಕ್ಕೆ ದಿನಕ್ಕೆ ಅರ್ಧ ಕಿಲೋ ಕೊಡಬೇಕು, ಮೀಥೇನ್ ಶೇ. 17ರಿಂದ 20ರಷ್ಟು ಇಳಿಯುತ್ತದೆ, ತಯಾರಿಕೆಯ ಖರ್ಚು ಕಿಲೋಗೆ ಆರು ರೂಪಾಯಿಯಷ್ಟು.

ಶೇ. 20 ಎಂದರೆ ಹೊರದೇಶದ ಸುದ್ದಿಗಳ ಮುಂದೆ ಸಪ್ಪೆ ಎನ್ನಿಸಬಹುದು. ಎರಿಟ್ರಿಯಾದಲ್ಲಿ ಹುಟ್ಟಿ ಬೆಳೆದು ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿರುವ ಎರ್ಮಿಯಾಸ್ ಕೆಬ್ರಿಯಾಬ್ ಅವರ ತಂಡ 2021ರಲ್ಲಿ, ಆಸ್ಪರಗಾಪ್ಸಿಸ್ ಎಂಬ ಕೆಂಪು ಕಡಲಪಾಚಿಯನ್ನು 21 ಹೋರಿಗಳಿಗೆ 147 ದಿನ ತಿನ್ನಿಸಿ, ಕೆಲವು ಹಂತಗಳಲ್ಲಿ ಮೀಥೇನ್ ಶೇ. 80ಕ್ಕೂ ಮೇಲೆ ಇಳಿದದ್ದನ್ನು ತೋರಿಸಿತು. ಆ ಪಾಚಿಯಲ್ಲಿರುವ ಬ್ರೋಮೋಫಾರ್ಮ್, ಮೀಥೇನ್ ತಯಾರಿಕೆಯ ಕೊನೆಯ ಹೆಜ್ಜೆಯನ್ನೇ ತಡೆಯುತ್ತದೆ. ಆದರೆ ಅದೇ ತಂಡ 2019ರಲ್ಲಿ ಕರೆಯುವ ಹಸುಗಳ ಮೇಲೆ ನಡೆಸಿದ ಪ್ರಯೋಗವನ್ನು ಸುದ್ದಿಯವರು ಅಷ್ಟಾಗಿ ಎತ್ತಿಕೊಳ್ಳಲಿಲ್ಲ. ಅಲ್ಲಿ ಪಾಚಿಯ ಪ್ರಮಾಣ ಶೇ. 1 ಆದಾಗ ಹಸುಗಳು ಮೇವು ತಿನ್ನುವುದನ್ನೇ ಶೇ. 38ರಷ್ಟು ಕಡಿಮೆ ಮಾಡಿದವು, ಹಾಲೂ ಶೇ. 11ಕ್ಕೂ ಮೇಲೆ ಇಳಿಯಿತು. ಯೂರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಪಡೆದ ‘ಬೋವೇರ್’ ಪುಡಿ ಕರೆಯುವ ಹಸುಗಳಲ್ಲಿ ಶೇ. 30ರ ಆಸುಪಾಸು ಮೀಥೇನ್ ತಗ್ಗಿಸುತ್ತದೆ. ಆದರೆ ಅದು ದಿನವಿಡೀ ಮೇವಿನೊಂದಿಗೆ ಸಮನಾಗಿ ಹೊಟ್ಟೆಗೆ ಹೋಗುತ್ತಿರಬೇಕು. ಹುಲ್ಲು, ಹಿಂಡಿ ಎಲ್ಲವನ್ನೂ ಯಂತ್ರದಲ್ಲಿ ಕಲಸಿ ಸುರಿಯುವ ಕೊಟ್ಟಿಗೆಗೆ ಅದು ಸರಿ. ಬೆಳಿಗ್ಗೆ ಸಂಜೆ ಕರೆಯುವಾಗ ಮಾತ್ರ ಬಕೆಟ್ಟಿನಲ್ಲಿ ಹಿಂಡಿ ಇಟ್ಟು, ಉಳಿದ ಹೊತ್ತು ಬದುವಿನಲ್ಲಿ ಕಟ್ಟಿ ಮೇಯಿಸುವವರು ಅದನ್ನು ಏನು ಮಾಡಬೇಕು?

ಹರಿತ್ ಧಾರೆಗೂ ಇದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ನಮ್ಮ ಅಣ್ಣನ ಮನೆಯಲ್ಲಿ ಎರಡು ಮಿಶ್ರತಳಿ ಹಸುಗಳೂ ಒಂದು ಕಡಸೂ ಇವೆ. ಅವುಗಳ ಪೂರ್ತಿ ಯಜಮಾನಿಕೆ ಅತ್ತಿಗೆಯದು. ಸಂಜೆ ಅವರು ಬಕೆಟ್ಟಿಗೆ ಬೂಸಾ ಮತ್ತು ಹಿಂಡಿ ಹಾಕಿ, ಮೇಲೊಂದು ಹಿಡಿ ಉಪ್ಪು ಉದುರಿಸಿ, ಕಲಗಚ್ಚು ಸುರಿದು ಕೈಯಿಂದಲೇ ಕಲಸುತ್ತಾರೆ. ಬಕೆಟ್ಟಿನಲ್ಲಿ ಹೊಸ ವಾಸನೆ ಏನಾದರೂ ಬಂದರೆ ದೊಡ್ಡ ಹಸು ಮೂತಿಯಿಂದ ಮೇಲುಮೇಲಿನದನ್ನು ಪಕ್ಕಕ್ಕೆ ತಳ್ಳಿ, ತಳದಲ್ಲಿರುವುದನ್ನು ಹುಡುಕಿ ತಿಂದು, ಬೇಡದ್ದನ್ನು ಅಂಚಿನಲ್ಲಿ ಬಿಡುತ್ತದೆ. ಆ ಬಕೆಟ್ಟಿನಲ್ಲಿ ದಿನವೂ ಅರ್ಧ ಕಿಲೋ ಒಗರು ಪುಡಿಗೆ ಜಾಗ ಮಾಡುವುದು ಸಣ್ಣ ಮಾತಲ್ಲ. ಟ್ಯಾನಿನ್ ಹದ ಮೀರಿದರೆ ಹಸು ತಿನ್ನುವುದೂ ಕಡಿಮೆಯಾಗುತ್ತದೆ, ನಾರು ಅರಗುವುದೂ ಕಡಿಮೆಯಾಗುತ್ತದೆ ಎಂಬುದು ಆ ಕ್ಷೇತ್ರದವರಿಗೆಲ್ಲ ಗೊತ್ತಿರುವ ಸಂಗತಿ. ಡೇರಿಯಲ್ಲಿ ಹಣ ಕೊಡುವುದು ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ. ನಾರು ಹುಳಿತಾಗ ಹುಟ್ಟುವ ಅಸಿಟಿಕ್ ಆಮ್ಲವೇ ಹಾಲಿನ ಕೊಬ್ಬಿಗೆ ಮುಖ್ಯ ಮೂಲ. ಹೈಡ್ರೋಜನ್ ಬಿಡುಗಡೆಯಾಗುವುದೂ ಅದೇ ದಾರಿಯಲ್ಲಿ. ಹೀಗಾಗಿ ಮೀಥೇನನ್ನು ಅಡ್ಡಾದಿಡ್ಡಿ ತಡೆಯಲು ಹೋದವರು ರೈತರ ಫ್ಯಾಟಿಗೆ ಕೈ ಹಾಕುವ ಅಪಾಯವಿರುತ್ತದೆ. ಬೆಂಗಳೂರಿನವರು ಶೇ. 80ರ ಬೆನ್ನು ಹತ್ತದೆ ಶೇ. 20ಕ್ಕೆ ನಿಂತದ್ದು ನನಗೆ ಹಿಂಜರಿಕೆಯಾಗಿ ಕಾಣುವುದಿಲ್ಲ, ವಿವೇಕವಾಗಿ ಕಾಣುತ್ತದೆ.

ಆದರೂ ಆ ಪುಡಿಗೆ ಹಣ ಯಾರು ಕೊಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಅರ್ಧ ಕಿಲೋಗೆ ದಿನಕ್ಕೆ ಮೂರು ರೂಪಾಯಿ ಎಂದರೆ ಎರಡು ಹಸುವಿಗೆ ವರ್ಷಕ್ಕೆ ಎರಡು ಸಾವಿರದ ಮೇಲಾಗುತ್ತದೆ, ಅದೂ ತಯಾರಿಕೆಯ ಬೆಲೆಯಲ್ಲಿ. ಮೀಥೇನ್ ವಾತಾವರಣದಲ್ಲಿ ಹನ್ನೆರಡು ವರ್ಷದಷ್ಟೇ ಉಳಿದರೂ, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿ ಹಿಡಿಯುತ್ತದೆ. ಮನುಷ್ಯರ ಚಟುವಟಿಕೆಯಿಂದ ಹೊರಬೀಳುವ ಮೀಥೇನಿನಲ್ಲಿ ಸುಮಾರು ಮೂರನೇ ಒಂದು ಭಾಗ ಜಾನುವಾರುಗಳದ್ದು. ಅದನ್ನು ತಗ್ಗಿಸಿದರೆ ಲಾಭ ಲೋಕಕ್ಕೆಲ್ಲ. ಡೆನ್ಮಾರ್ಕ್ 2030ರಿಂದ ದನಗಳ ಹೊರಸೂಸುವಿಕೆಗೆ ತೆರಿಗೆ ಹಾಕಲಿದೆ. ಭಾರತ 2021ರ ಗ್ಲಾಸ್ಗೋ ಸಮಾವೇಶದಲ್ಲಿ ಜಾಗತಿಕ ಮೀಥೇನ್ ಒಪ್ಪಂದಕ್ಕೆ ಸೇರಲಿಲ್ಲ. 2019ರ ಗಣತಿಯ ಪ್ರಕಾರ 19 ಕೋಟಿಗೂ ಮೇಲ್ಪಟ್ಟ ದನಗಳು ಮತ್ತು ಸುಮಾರು 11 ಕೋಟಿ ಎಮ್ಮೆಗಳು, ಬಹುತೇಕ ಒಂದೆರಡು ತಲೆಯಂತೆ ಸಣ್ಣ ಹಿಡುವಳಿದಾರರ ಮನೆಗಳಲ್ಲಿ ಹಂಚಿಹೋಗಿರುವ ದೇಶದಲ್ಲಿ ತೆರಿಗೆಯ ಮಾತೇ ಅಸಂಬದ್ಧ; ಆ ವಿಷಯದಲ್ಲಿ ನನಗೆ ಸರ್ಕಾರದ ಬಗ್ಗೆ ತಕರಾರಿಲ್ಲ. ಸಹಕಾರಿ ಪಶು ಆಹಾರ ಕಾರ್ಖಾನೆಗಳು ಹಿಂಡಿ ತಯಾರಿಸುವ ಹಂತದಲ್ಲೇ ಇಂಥ ಪೂರಕವನ್ನು ಬೆರೆಸಿ, ಆ ಖರ್ಚನ್ನು ರೈತರ ಮೇಲೆ ಹೇರದಿದ್ದರೆ ಮಾತ್ರ ಇದು ನಡೆಯುವ ಸಂಗತಿ. ಲೀಟರಿಗೆ ಪ್ರೋತ್ಸಾಹಧನ ಕೊಡುವ ರಾಜ್ಯಕ್ಕೆ ಈ ದಾರಿ ಹೊಸದೇನಲ್ಲ.

ಇಷ್ಟು ಓದಿದವರು ಎರಡು ಪಂಗಡವಾಗಿ ಜಗಳಕ್ಕೆ ನಿಲ್ಲುವುದನ್ನು ನೋಡಿದ್ದೇನೆ. ತಲೆಗೆ ಇಷ್ಟು ಮೀಥೇನ್ ಎಂದು ಲೆಕ್ಕ ಹಾಕಿದರೆ ಮಲೆನಾಡು ಗಿಡ್ಡ ಗೆಲ್ಲುತ್ತದೆ, ಏಕೆಂದರೆ ಮೈ ಸಣ್ಣದು, ತಿನ್ನುವುದು ಕಡಿಮೆ. ಲೀಟರ್ ಹಾಲಿಗೆ ಇಷ್ಟು ಎಂದು ಲೆಕ್ಕ ಹಾಕಿದರೆ ದಿನಕ್ಕೆ ಹದಿನೈದು ಲೀಟರ್ ಕೊಡುವ ಮಿಶ್ರತಳಿ ಗೆಲ್ಲುತ್ತದೆ. ಮೊದಲನೆಯವರು ನಾಟಿ ಹಸುವಿನಲ್ಲಿ ಎಲ್ಲ ಪರಿಹಾರವೂ ಇದೆಯೆನ್ನುತ್ತಾರೆ. ಎರಡನೆಯವರು ಕಡಿಮೆ ಹಾಲಿನ ದನಗಳೇ ಭೂಮಿಗೆ ಭಾರವೆನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಹಾಡ್ಯದಲ್ಲೂ ರಸ್ತೆಬದಿಯಲ್ಲೂ ಯಾರಿಗೂ ಬೇಡದ ಹುಲ್ಲು ಮೇಯ್ದು, ಕೊಟ್ಟಿಗೆ ಗೊಬ್ಬರ ಕೊಟ್ಟು, ಕೆಲವು ಕಡೆ ಈಗಲೂ ನೇಗಿಲು ಎಳೆಯುವ ದನದ ಮೀಥೇನನ್ನೆಲ್ಲ ಅದರ ಎರಡು ಲೀಟರ್ ಹಾಲಿನ ತಲೆಗೇ ಕಟ್ಟುವುದು ಲೆಕ್ಕದ ಅನ್ಯಾಯ. ಹಾಗೆಯೇ ಡೇರಿಯ ಹಣದಲ್ಲಿ ಮಕ್ಕಳ ಫೀಸು ಕಟ್ಟುವವರಿಗೆ ಗಿಡ್ಡ ಸಾಕಿ ಎಂದು ಪಟ್ಟಣದಲ್ಲಿ ಕುಳಿತು ಉಪದೇಶಿಸುವುದೂ ಸುಲಭದ ಕೆಲಸ.

ನನ್ನ ಗಮನ ಹೋಗುವುದು ಈ ಎರಡೂ ಲೆಕ್ಕಗಳಲ್ಲಿ ಸರಿಯಾಗಿ ಕಾಣಿಸದ ದಿನಗಳ ಕಡೆಗೆ, ಅಂದರೆ ಹಸು ತಿನ್ನುತ್ತದೆ, ತೇಗುತ್ತದೆ, ಆದರೆ ಹಾಲು ಕೊಡುವುದಿಲ್ಲ ಎನ್ನುವ ದಿನಗಳ ಕಡೆಗೆ. ಚೆನ್ನಾಗಿ ಸಾಕಿದ ಮಿಶ್ರತಳಿ ಕಡಸು ಮೂರು ವರ್ಷದೊಳಗೆ ಮೊದಲ ಕರು ಹಾಕಬಲ್ಲದು. ಎಳವೆಯಲ್ಲಿ ಬರೀ ಒಣಹುಲ್ಲು ತಿಂದು ಸೊರಗಿದ್ದು ನಾಲ್ಕು ದಾಟಿಸುತ್ತದೆ. ಆ ಒಂದು ವರ್ಷದಲ್ಲಿ ದಿನಕ್ಕೆ 90 ಲೀಟರಿನಂತೆ 32,000 ಲೀಟರಿಗೂ ಹೆಚ್ಚು ಮೀಥೇನ್ ಹೋಯಿತು, ಒಂದು ಲೋಟ ಹಾಲೂ ಬರಲಿಲ್ಲ. ಕರೆಯುವ ಹಸುವಿಗೆ ಒಗರು ಪುಡಿ ತಿನ್ನಿಸಿ ಶೇ. 20 ಉಳಿಸಿದರೆ ದಿನಕ್ಕೆ 40 ಲೀಟರ್, ವರ್ಷಕ್ಕೆ 14,600 ಲೀಟರ್. ಅಂದರೆ ಒಂದು ಕಡಸನ್ನು ಒಂದು ವರ್ಷ ಮೊದಲು ಗಬ್ಬ ಕಟ್ಟಿಸುವುದು, ಒಂದು ಹಸುವಿಗೆ ಎರಡು ವರ್ಷಕ್ಕೂ ಮೇಲೆ ಪ್ರತಿದಿನ ಪುಡಿ ತಿನ್ನಿಸುವುದಕ್ಕೆ ಸಮ. ಇದು ಪ್ರಯೋಗಾಲಯದ ಫಲಿತಾಂಶವಲ್ಲ, ಮೇಲಿನ ಸರಾಸರಿಗಳನ್ನೇ ಇಟ್ಟುಕೊಂಡು ನಾನು ಮಾಡಿದ ಗುಣಾಕಾರ. ಒಂದೊಂದು ಕೊಟ್ಟಿಗೆಯಲ್ಲಿ ಅಂಕಿಗಳು ಬದಲಾದಾವು, ದಿಕ್ಕು ಬದಲಾಗದು. ಕರು ಹಾಕಿದ ಹಸು ಮತ್ತೆ ಗಬ್ಬ ನಿಲ್ಲುವುದು ತಡವಾದರೂ ಇದೇ ಕಥೆ. ಬೆದೆ ಬರುವುದು 21 ದಿನಕ್ಕೊಮ್ಮೆ. ರಾತ್ರಿ ಹೊತ್ತು ಬೆದೆಗೆ ಬಂದು ಬೆಳಗಾಗುವುದರೊಳಗೆ ಇಳಿದುಹೋದರೆ, ಅಥವಾ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡುವವರು ಹೊತ್ತು ಮೀರಿ ಬಂದರೆ, ಇನ್ನು 21 ದಿನ ಕಾಯಬೇಕು. ಹೀಗೆ ಮೂರು ನಾಲ್ಕು ಸಲ ತಪ್ಪಿದ ಹಸುವಿನ ಮನೆಯಲ್ಲಿ ಮೀಥೇನಿಗಿಂತ ಮೊದಲು ಹಿಂಡಿ ಅಂಗಡಿಯ ಸಾಲ ಏರಿರುತ್ತದೆ.

ಅತ್ತಿಗೆಗೆ ನಾನು ಈ ಹುಣಸೆ ಸಿಪ್ಪೆಯ ವಿಷಯವನ್ನೆಲ್ಲ ಉತ್ಸಾಹದಿಂದ ವಿವರಿಸಿದಾಗ ಅವರು ಬಕೆಟ್ ಕಲಸುತ್ತಲೇ ಕೇಳಿಸಿಕೊಂಡು, “ಅದ ತಿಂದ್ರೆ ಹಸ ಬೆದೆಗೆ ಬತ್ತದೇನಪ್ಪ?” ಎಂದು ಕೇಳಿದರು. ಇಲ್ಲ, ಅದು ಬೇರೆ ಎಂದೆ. ಬೇರೆ ಏನಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ರಾಗಿ ಹುಲ್ಲಿನಲ್ಲಿ ಪ್ರೋಟೀನ್ ಶೇ. 3-4ರಷ್ಟಿದ್ದರೆ ಹೆಚ್ಚು, ರೂಮೆನ್ನಿನ ಜೀವಿಗಳು ಸರಿಯಾಗಿ ಕೆಲಸ ಮಾಡಲು ಒಟ್ಟು ಮೇವಿನಲ್ಲಿ ಅದು ಶೇ. 7ರಷ್ಟಾದರೂ ಬೇಕು. ಹುಲ್ಲಿನಲ್ಲಿ ರಂಜಕವೂ ಕಡಿಮೆ. ಖನಿಜಗಳ ಕೊರತೆಯಾದಾಗ ಹಸು ಮೊದಲು ಕೈಬಿಡುವುದು ಬೆದೆಯನ್ನು, ಹಾಲನ್ನಲ್ಲ. ಆಡುಗೋಡಿಯ ಅದೇ ಸಂಸ್ಥೆಯವರು ಯಾವ ಪ್ರದೇಶದ ಮೇವಿನಲ್ಲಿ ಯಾವ ಖನಿಜ ಕಡಿಮೆಯಿದೆ ಎಂದು ಪರೀಕ್ಷಿಸಿ, ಆಯಾ ಪ್ರದೇಶಕ್ಕೆ ಹೊಂದುವ ಖನಿಜ ಮಿಶ್ರಣಗಳನ್ನು ರೂಪಿಸಿದ್ದಾರೆ. ಎಲ್ಲ ಕಡೆಗೂ ಒಂದೇ ಪುಡಿ ಮಾರುವುದಕ್ಕಿಂತ ಇದು ಅಗ್ಗ, ಕೊರತೆಯಿರುವ ಖನಿಜವನ್ನಷ್ಟೇ ಕೊಟ್ಟರೆ ಸಾಕಲ್ಲ. ದಿನಕ್ಕೆ ಬೇಕಾಗುವುದು ಕೆಲವು ಚಮಚದಷ್ಟು, ಅರ್ಧ ಕಿಲೋ ಅಲ್ಲ. ಹವಾಮಾನದ ಸಂಶೋಧನೆ ಎಂದು ಯಾರೂ ಇದನ್ನು ಕರೆಯುವುದಿಲ್ಲ, ಆದ್ದರಿಂದ ಅದಕ್ಕೆ ಸಿಗಬೇಕಾದ ಗಮನವೂ ಸಿಗುವುದಿಲ್ಲ.

ಹಿಂದೊಮ್ಮೆ ಒಳ್ಳೆಯ ವಿಜ್ಞಾನ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟದ್ದೂ ಉಂಟು. ಒಣಹುಲ್ಲಿಗೆ ಅದರ ತೂಕದ ಶೇ. 4ರಷ್ಟು ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಹುಲ್ಲು ಮೆತ್ತಗಾಗಿ ಹೆಚ್ಚು ಅರಗುತ್ತದೆ, ಪ್ರೋಟೀನೂ ಏರುತ್ತದೆ. ಹಾಲೆಂಡಿನ ಸಹಯೋಗದಲ್ಲಿ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಇದರ ಮೇಲೆ ದೇಶದ ಹಲವೆಡೆ ದೊಡ್ಡ ಕೆಲಸವೇ ನಡೆಯಿತು. ಆದರೂ ಹಳ್ಳಿಗಳಲ್ಲಿ ಅದು ಬೇರು ಬಿಡಲಿಲ್ಲ. ನೀರು ಹೊತ್ತು ತರುವವರು ಯಾರು, ಮೆದೆ ಬಿಚ್ಚಿ ಮತ್ತೆ ಒಟ್ಟುವವರು ಯಾರು, ಟಾರ್ಪಾಲು ಎಲ್ಲಿಂದ, ಯೂರಿಯಾ ಹೆಚ್ಚಾಗಿ ದನಕ್ಕೆ ವಿಷವೇರಿದರೆ ಜವಾಬ್ದಾರಿ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಮೇವಿನ ರಸಾಯನಶಾಸ್ತ್ರದಲ್ಲಿ ಇರಲಿಲ್ಲ. ಕೊಟ್ಟಿಗೆಯ ಕೆಲಸದಲ್ಲಿ ಬಹುಪಾಲು ಹೆಂಗಸರದ್ದು. ಅವರ ಹೊತ್ತಿಗೆ ಬೆಲೆಯಿಲ್ಲವೆಂದು ಎಣಿಸಿದ ಯಾವ ಯೋಜನೆಯೂ ಅವರ ಕೈ ದಾಟಿ ಹಸುವನ್ನು ಮುಟ್ಟುವುದಿಲ್ಲ. ಇಂಥ ಒಗರು ಪುಡಿ ಹಿಂಡಿಯೊಳಗೇ ಬೆರೆತು ಬರಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಮೀಥೇನ್ ಅಳೆಯುವ ವಿಧಾನಗಳು ಈಗ ಮೇಯುವ ಹಸುವಿನವರೆಗೂ ಬಂದಿವೆ. ಸಲ್ಫರ್ ಹೆಕ್ಸಾಫ್ಲೋರೈಡ್ ತುಂಬಿದ ಪುಟ್ಟ ಕೊಳವೆಯನ್ನು ರೂಮೆನ್ನಿಗೆ ಇಳಿಸಿ, ಕೊರಳಿಗೆ ಕಟ್ಟಿದ ಡಬ್ಬಿಯಲ್ಲಿ ಉಸಿರಿನ ಮಾದರಿ ಹಿಡಿದರೆ, ಆ ಅನಿಲಕ್ಕೂ ಮೀಥೇನಿಗೂ ಇರುವ ಅನುಪಾತದಿಂದ ದಿನದ ಮೀಥೇನ್ ತಿಳಿಯುತ್ತದೆ. ಹಸುವನ್ನು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂಡಿಹಾಕಬೇಕಿಲ್ಲ. ಇಂಥ ಪ್ರಯೋಗಗಳ ವರದಿಯಲ್ಲಿ ತಿಂದ ಮೇವು, ಕೊಟ್ಟ ಹಾಲು, ಬಿಟ್ಟ ಮೀಥೇನ್ ಎಂಬ ಕಾಲಂಗಳು ಇದ್ದೇ ಇರುತ್ತವೆ. ಅವುಗಳ ಪಕ್ಕದಲ್ಲಿ ಕರು ಹಾಕಿದ ತಾರೀಖು ಮತ್ತು ಮತ್ತೆ ಗಬ್ಬ ನಿಂತ ತಾರೀಖು ಎಂಬ ಇನ್ನೆರಡನ್ನು ಸೇರಿಸಿ, ಎರಡು ಮೂರು ಸೂಲಿನವರೆಗೆ ಅದೇ ಹಸುಗಳನ್ನು ಬಿಡದೆ ಹಿಂಬಾಲಿಸಿದರೆ, ಅತ್ತಿಗೆ ಕೇಳಿದ ಪ್ರಶ್ನೆಗೆ ಅಂಕಿಅಂಶದ ಉತ್ತರ ಕೊಡಬಹುದು. ಅದಕ್ಕೆ ಬೇಕಾದ ಹಣ ಮೂರು ತಿಂಗಳ ಪ್ರಯೋಗಕ್ಕಿಂತ ಹೆಚ್ಚು, ಪ್ರಬಂಧ ಬರುವುದೂ ತಡ.